ಬಿರುಬೇಸಿಗೆಗೆ ಹೊಂದುವ ಆಂಪ್ಲಿಫೈಯರ್ ಆರಿಸುವುದು ಹೇಗೆ?

ಆಂಪ್ಲಿಫೈಯರ್ ಕೊಳ್ಳಲು ಅಂಗಡಿಗೆ ಹೋದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ 'ಎಷ್ಟು ವಾಟ್?' ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯವರು ಅದಕ್ಕೂ ಮುಂಚೆ ಇನ್ನೊಂದನ್ನು ಕೇಳಬೇಕು: ಹಾಡು ನಿಲ್ಲಿಸಿ ಸುಮ್ಮನೆ ಆನ್ ಮಾಡಿಟ್ಟಾಗ ಇದು ಎಷ್ಟು ವಾಟ್ ಎಳೆಯುತ್ತದೆ? ಎಳೆದ ವಿದ್ಯುತ್ತಿನಲ್ಲಿ ಸ್ಪೀಕರಿಗೆ ಹೋಗದೆ ಉಳಿದದ್ದೆಲ್ಲ ಪೆಟ್ಟಿಗೆಯೊಳಗೆ ಶಾಖವಾಗಿ, ಕೊನೆಗೆ ನಿಮ್ಮ ಕೋಣೆಗೇ ಬರುತ್ತದೆ.

ಈ ಶಾಖ ಕೋಣೆಯ ಸೆಖೆಯ ಮೇಲೆ ಕೂಡಿಕೊಳ್ಳುತ್ತದೆ. ಕೋಣೆಗಿಂತ 25 ಡಿಗ್ರಿ ಹೆಚ್ಚು ಕಾಯುವ ಯಂತ್ರ 22 ಡಿಗ್ರಿಯ ಕೋಣೆಯಲ್ಲಿ 47ಕ್ಕೆ ನಿಂತರೆ, 40 ಡಿಗ್ರಿಯ ಕೋಣೆಯಲ್ಲಿ 65ಕ್ಕೆ ಏರುತ್ತದೆ. ಚಳಿದೇಶದ ವಿಮರ್ಶಕರು 'ಸ್ವಲ್ಪ ಬೆಚ್ಚಗಾಗುತ್ತದೆ' ಎಂದು ಬರೆದದ್ದನ್ನು ಓದುವಾಗ ಈ ಲೆಕ್ಕ ನೆನಪಿರಲಿ. ಏಟು ಮೊದಲು ಬೀಳುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳಿಗೆ, ಅಂದರೆ ಒಳಗೆ ವಿದ್ಯುತ್ತನ್ನು ಹಿಡಿದಿಟ್ಟು ಕೊಡುವ ಪುಟ್ಟ ಡಬ್ಬಿಯಂಥ ಬಿಡಿಭಾಗಗಳಿಗೆ. 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. ಮೇಲೆ ಹೇಳಿದ 18 ಡಿಗ್ರಿ ವ್ಯತ್ಯಾಸಕ್ಕೆ ಉಳಿಯುವುದು ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ.

ಮೊದಲು ಕ್ಲಾಸ್ ನೋಡಿ. ಇಲ್ಲಿ ಕ್ಲಾಸ್ ಎಂದರೆ ದರ್ಜೆಯಲ್ಲ, ಕೆಲಸ ಮಾಡುವ ಬಗೆ. ಕ್ಲಾಸ್ ಎ ಯಂತ್ರ ಬಿಂದಿಗೆ ಇರಲಿ ಬಿಡಲಿ ಪೂರ್ತಿ ತಿರುಗಿಸಿಟ್ಟ ನಲ್ಲಿಯಂತೆ. ಹಾಡಿರಲಿ, ಮೌನವಿರಲಿ, ಅದರಲ್ಲಿ ಪೂರ್ಣ ಕರೆಂಟ್ ಹರಿಯುತ್ತಲೇ ಇರುತ್ತದೆ. 200 ವಾಟ್ ಎಳೆಯುವಂಥದ್ದನ್ನು ದಿನಕ್ಕೆ ನಾಲ್ಕು ಗಂಟೆ ಹಚ್ಚಿಟ್ಟರೆ ತಿಂಗಳಿಗೆ 24 ಯೂನಿಟ್. ಕೋಣೆಯಲ್ಲಿ ಎ.ಸಿ. ಇದ್ದರೆ ಆ ಶಾಖವನ್ನು ಹೊರಹಾಕುವ ಖರ್ಚು ಬೇರೆ. ವಾಲ್ವ್ ಎಂಬ ಗಾಜಿನ ಕೊಳವೆಗಳಿಂದ ದನಿ ಹಿಗ್ಗಿಸುವ ವಾಲ್ವ್ ಆಂಪ್ಲಿಫೈಯರಿನ ಕಥೆಯೂ ಇದೇ. ಇಎಲ್34 ಎಂಬ ಬಗೆಯ ವಾಲ್ವ್ ಒಂದರ ಹೀಟರಿಗೇ, ಅಂದರೆ ಅದನ್ನು ಒಳಗಿನಿಂದ ಕಾಯಿಸುವ ತಂತಿಗೇ, 6.3 ವೋಲ್ಟಿನಲ್ಲಿ 1.5 ಆಂಪಿಯರ್ ಬೇಕು. ನಾಲ್ಕು ವಾಲ್ವ್ ಇದ್ದರೆ ಒಂದು ಸ್ವರ ಹೊರಡುವ ಮುಂಚೆಯೇ ಸುಮಾರು 38 ವಾಟ್ ಖರ್ಚು. ನೋಡಲು ಚೆಂದ, ನಿಜ. ಡಿಸೆಂಬರಿನಲ್ಲಿ ಇನ್ನೂ ಚೆಂದ.

ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಕ್ಲಾಸ್ ಎಬಿ. ಮೌನದಲ್ಲಿ ಸ್ವಲ್ಪವೇ ಕರೆಂಟ್ ಹರಿಸಿ, ದನಿ ಏರಿದಂತೆ ಹೆಚ್ಚಿಸುವ ಬಗೆ ಇದು. ಇದು ಅತಿ ಹೆಚ್ಚು ಕಾಯುವುದು ಪೂರ್ತಿ ದನಿಯಲ್ಲಲ್ಲ, ಸಾಮರ್ಥ್ಯದ ಶೇ 40ರ ಆಸುಪಾಸಿನಲ್ಲಿ. ಆದ್ದರಿಂದ 'ನಾನು ದನಿ ಪೂರ್ತಿ ಏರಿಸುವುದೇ ಇಲ್ಲ' ಎನ್ನುವವರಿಗೂ ರಿಯಾಯಿತಿ ಇಲ್ಲ.

ಸೆಖೆಯ ಊರಿಗೆ ನನ್ನ ಮತ ಕ್ಲಾಸ್ ಡಿಗೆ. ಅದರ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಾಂತರ ಬಾರಿ ಸ್ವಿಚ್ಚಿನಂತೆ ಪೂರ್ತಿ ಆನ್, ಪೂರ್ತಿ ಆಫ್ ಆಗುತ್ತವೆ. ನಡುವೆ ನಿಂತು ಕಾಯುವುದಿಲ್ಲ. ಒಳ್ಳೆಯ ವಿನ್ಯಾಸಗಳಲ್ಲಿ ದಕ್ಷತೆ ಶೇ 90ರ ಹತ್ತಿರ. ಇದರ ದನಿ ಒಣ ಎಂದು ಮೂಗು ಮುರಿಯುವವರಿದ್ದಾರೆ. ಸೀಲಿಂಗ್ ಫ್ಯಾನ್ ಐದರಲ್ಲಿ ತಿರುಗುವ ಕೋಣೆಯಲ್ಲಿ ಆ ವ್ಯತ್ಯಾಸ ಕೇಳಿಸಿಕೊಂಡವರ ಕಿವಿಗೆ ನನ್ನ ನಮಸ್ಕಾರ.

ಆಮೇಲೆ ಅಂಕಿಗಳು. ಕೈಪಿಡಿಯಲ್ಲಿ 'ಸ್ಟ್ಯಾಂಡ್‌ಬೈ 0.5 ವಾಟ್' ಎಂದಿದ್ದರೆ ಮೋಸಹೋಗಬೇಡಿ, ಅದು ಯಂತ್ರ ಮಲಗಿದ್ದಾಗಿನ ಲೆಕ್ಕ. ನಿಮಗೆ ಬೇಕಾದದ್ದು ಎಚ್ಚರವಾಗಿದ್ದು ಹಾಡದೇ ಇರುವಾಗಿನ ಅಂಕಿ. ಅದು ಸಿಗದಿದ್ದರೆ ಪ್ಲಗ್ಗಿಗೆ ಸಿಕ್ಕಿಸುವ ವಾಟ್ ಮೀಟರಿನಲ್ಲಿ ಅಳೆದು ನೋಡಿ. ಎಷ್ಟು ಡಿಗ್ರಿವರೆಗೆ ಬಳಸಬಹುದು ಎಂಬುದನ್ನೂ ಓದಿ. 35 ಎಂದು ಬರೆದಿದ್ದರೆ ನಮ್ಮ ಮೇ ತಿಂಗಳು ಅದರಾಚೆಗಿದೆ.

ಡಬ್ಬಿಯ ಮೇಲೆ '300+300 ವಾಟ್' ಎಂದಿದ್ದರೆ ಅಡಾಪ್ಟರ್ ತಿರುಗಿಸಿ ನೋಡಿ. 24 ವೋಲ್ಟ್, 5 ಆಂಪಿಯರ್ ಎಂದಿದ್ದರೆ ಅದು ಕೊಡಬಲ್ಲದ್ದೇ 120 ವಾಟ್. ಉಳಿದದ್ದು ಡಬ್ಬಿಗೆ ಬಳಿದ ಬಣ್ಣ.

ಸ್ಪೀಕರ್ ಮರೆಯಬೇಡಿ. ಅದರ ಸೆನ್ಸಿಟಿವಿಟಿ, ಅಂದರೆ ಕೊಟ್ಟಷ್ಟು ವಾಟಿಗೆ ಎಷ್ಟು ದನಿ ಹೊರಡಿಸುತ್ತದೆ ಎಂಬ ಅಳತೆ, 84 ಡೆಸಿಬೆಲ್ ಬದಲು 90 ಇದ್ದರೆ ಅಷ್ಟೇ ದನಿಗೆ ಕಾಲುಭಾಗ ವಾಟ್ ಸಾಕು, ಏಕೆಂದರೆ ಪ್ರತಿ 3 ಡೆಸಿಬೆಲ್ಲಿಗೆ ಬೇಕಾಗುವ ವಾಟ್ ಇಮ್ಮಡಿಯಾಗುತ್ತದೆ. ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. 4 ಓಮಿನ ಸ್ಪೀಕರ್ 8 ಓಮಿನದಕ್ಕಿಂತ ಹೆಚ್ಚು ಕರೆಂಟ್ ಎಳೆದು ಆಂಪ್ಲಿಫೈಯರನ್ನು ಹೆಚ್ಚು ಕಾಯಿಸುತ್ತದೆ. ಸೆಖೆಯ ಊರಿಗೆ 8 ಓಮ್ ಲೇಸು.

ಇಡುವ ಜಾಗ. ಗಾಜಿನ ಬಾಗಿಲಿನ ಶೋಕೇಸ್ ಬೇಡ. ಮೇಲೆ 15 ಸೆಂಟಿಮೀಟರಾದರೂ ಖಾಲಿ ಬಿಡಿ. ಸೆಟ್ ಟಾಪ್ ಬಾಕ್ಸ್ ಹೇರಬೇಡಿ. ಧೂಳು ಕೂರದಿರಲೆಂದು ಹೊದಿಸುವ ಕಸೂತಿ ಬಟ್ಟೆ ಯಂತ್ರ ಆಫ್ ಆಗಿ ತಣ್ಣಗಾದ ಮೇಲೆ ಮಾತ್ರ. ಒಳಗೆ ಫ್ಯಾನ್ ಇರುವ ಯಂತ್ರವಾದರೆ ಧೂಳನ್ನೂ ಅದೇ ಎಳೆದುಕೊಳ್ಳುತ್ತದೆ, ಆಗಾಗ ತೆಗೆಸಬೇಕು. ಬೆಚ್ಚಗಿನ ಸಂದಿಗಳಿಗೆ ಹಲ್ಲಿ ನುಗ್ಗುವುದೂ ಉಂಟು. ಸರ್ಕ್ಯೂಟ್ ಬೋರ್ಡಿನ ಎರಡು ಕಾಲುಗಳ ನಡುವೆ ಸಿಕ್ಕ ಹಲ್ಲಿ ತಾನೂ ಸಾಯುತ್ತದೆ, ಬೋರ್ಡನ್ನೂ ಸುಡುತ್ತದೆ. ಗಾಳಿಕಿಂಡಿಗಳು ಅಗಲವಾಗಿದ್ದರೆ ಒಳಗೆ ಗಾಳಿ ಆಡುವಂಥ ಸಣ್ಣ ಜಾಲರಿ ಹಾಕಿಸಿ.

ಕೊನೆಗೆ ಪರೀಕ್ಷೆ. ವಾಪಸಾತಿ ಅವಧಿ ಮುಗಿಯುವ ಮುನ್ನ ಒಂದು ಮಧ್ಯಾಹ್ನ ಎರಡು ತಾಸು ಹೊತ್ತು ಸಾಧಾರಣ ದನಿಯಲ್ಲಿ ಹಾಡಿಸಿ, ಮೇಲ್ಮುಚ್ಚಳಕ್ಕೆ ಅಂಗೈ ತಾಕಿಸಿ. ವಾಲ್ವ್‌ಗಳನ್ನಂತೂ ಮುಟ್ಟಬೇಡಿ. ಹತ್ತು ಎಣಿಸುವಷ್ಟು ಹೊತ್ತು ಕೈ ಇಡಲಾಗದಿದ್ದರೆ ಜಾಗ ಬದಲಿಸಿ ಮತ್ತೊಮ್ಮೆ ನೋಡಿ. ಆಗಲೂ ಹಾಗೆಯೇ ಇದ್ದರೆ ಬಿಲ್ಲಿನೊಂದಿಗೆ ಅಂಗಡಿಗೆ ಮರಳಿಸಿ.