ಸಕ್ಕರೆ ನೀರು ನೀಲಿಯಾಗಿಯೇ ಉಳಿಯಿತಾ? ಮೊದಲು ಸೋಡಾ ಹಾಕಿದ್ದೀರಾ ನೋಡಿ

ಪಿಯುಸಿ, ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಗ್ಲೂಕೋಸ್ ಕೊಟ್ಟರೆ ಯಾರಿಗೂ ತೊಂದರೆಯಿಲ್ಲ. ಬೆನೆಡಿಕ್ಟ್ ಕಾರಕ (ಸಕ್ಕರೆ ಪತ್ತೆಹಚ್ಚುವ ತಾಮ್ರದ ನೀಲಿ ದ್ರಾವಣ) ಹಾಕಿ ಬಿಸಿ ಮಾಡಿದರೆ ಎಲ್ಲರ ಟೆಸ್ಟ್ ಟ್ಯೂಬಿನಲ್ಲೂ ಇಟ್ಟಿಗೆ ಕೆಂಪು ಗಸಿ ಬರುತ್ತದೆ. ಅದೇ ಅಡುಗೆಮನೆಯ ಸಕ್ಕರೆ, ಅಂದರೆ ಸುಕ್ರೋಸ್ ಕೊಟ್ಟು, ‘ಆಮ್ಲದಲ್ಲಿ ಕುದಿಸಿ ಮತ್ತೆ ಪರೀಕ್ಷೆ ಮಾಡಿ’ ಅಂದ ಕೂಡಲೇ ಅರ್ಧ ಬ್ಯಾಚ್ ಸಿಕ್ಕಿಹಾಕಿಕೊಳ್ಳುತ್ತದೆ. ಕೆಲವರದ್ದು ನೀಲಿ, ಕೆಲವರದ್ದು ಮಬ್ಬು ಹಸಿರು. ಕಾರಕ ಹಳೆಯದು ಎಂದು ಬಾಟಲಿಯನ್ನು ಬೈಯುತ್ತಾರೆ. ಆಮೇಲೆ ಪಕ್ಕದವರ ರೆಕಾರ್ಡ್ ನೋಡಿ ‘ಕೆಂಪು ಗಸಿ ಬಂತು’ ಎಂದು ಬರೆದುಬಿಡುತ್ತಾರೆ. ಬಾರದ ಬಣ್ಣವನ್ನು ಬಂತು ಎಂದು ಬರೆಯುವುದು ಇಲ್ಲಿಂದಲೇ ಶುರುವಾಗುತ್ತದೆ, ಅದನ್ನು ನೋಡಿದರೆ ಬೇಸರವಾಗುತ್ತದೆ. ಹಾಗಾಗಿ ಈ ಒಂದು ಪ್ರಯೋಗವನ್ನು ನಿಧಾನವಾಗಿ ಹೇಳುತ್ತೇನೆ.

ಕಾರಕ

ಬೆನೆಡಿಕ್ಟ್ ಕಾರಕವನ್ನು ಕಾಲೇಜಿನಲ್ಲೇ ಮಾಡಿಕೊಳ್ಳಿ. ಒಂದು ಲೀಟರಿಗೆ 173 ಗ್ರಾಂ ಸೋಡಿಯಂ ಸಿಟ್ರೇಟ್, 100 ಗ್ರಾಂ ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್, 17.3 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್). ಸಿಟ್ರೇಟ್ ಮತ್ತು ಕಾರ್ಬೊನೇಟನ್ನು ಸುಮಾರು 800 ಮಿ.ಲೀ. ಬಿಸಿನೀರಿನಲ್ಲಿ ಕರಗಿಸಿ ಸೋಸಿ. ಮೈಲುತುತ್ತವನ್ನು 100 ಮಿ.ಲೀ. ನೀರಿನಲ್ಲಿ ಬೇರೆಯಾಗಿ ಕರಗಿಸಿ, ಕಲಕುತ್ತಾ ನಿಧಾನಕ್ಕೆ ಅದಕ್ಕೆ ಸೇರಿಸಿ. ಆಮೇಲೆ ನೀರು ಹಾಕಿ ಲೀಟರ್ ಮಾಡಿ. ಸಿಟ್ರೇಟ್ ಯಾಕೆ ಅಂದರೆ, ಅದು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಿಲ್ಲದಿದ್ದರೆ ಕಾರ್ಬೊನೇಟ್ ಜೊತೆ ಸೇರಿದ ತಾಮ್ರ ತಿಳಿನೀಲಿ ಕೆಸರಾಗಿ ತಳಕ್ಕೆ ಕೂತುಬಿಡುತ್ತದೆ.

ಅಂಗಡಿಯಲ್ಲಿ ಸಿಗುವ ಸಿದ್ಧ ಕಾರಕದ ಅಗ್ಗದ ಬಾಟಲಿಗಳಲ್ಲಿ ತಳದಲ್ಲಿ ಗಸಿ ಕೂತಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅಂಥದ್ದು ಬೇಡವೇ ಬೇಡ. ಹೊಸದಾಗಲಿ ಹಳೆಯದಾಗಲಿ, ಕಾರಕವನ್ನು ಮಾತ್ರ 5 ಮಿ.ಲೀ. ತೆಗೆದುಕೊಂಡು ಕುದಿಸಿ. ನೀಲಿಯಾಗಿಯೇ ಉಳಿದರೆ ಬಳಸಿ, ಬಣ್ಣ ತಿರುಗಿದರೆ ಚೆಲ್ಲಿ.

ಇದೇ ಕೆಲಸ ಮಾಡುವ ಫೇಲಿಂಗ್ ಕಾರಕ ಆಗಲ್ವಾ ಎಂದು ಕೇಳುತ್ತೀರಿ. ಆಗುತ್ತದೆ. ಜರ್ಮನಿಯ ಹರ್ಮನ್ ಫಾನ್ ಫೇಲಿಂಗ್ 1849ರಲ್ಲಿ ಅದನ್ನು ರೂಪಿಸಿದ. ಆದರೆ ಅದರ ಎ ಮತ್ತು ಬಿ ದ್ರಾವಣಗಳನ್ನು ಬೇರೆ ಬೇರೆ ಇಟ್ಟು, ಬಳಸುವ ಹೊತ್ತಿಗೆ ಸಮ ಸಮ ಬೆರೆಸಬೇಕು. ಬೆರೆಸಿಟ್ಟರೆ ಕೆಡುತ್ತದೆ. ಮೇಲಾಗಿ ಬಿ ಬಾಟಲಿಯಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ, ಕಣ್ಣಿಗೆ ಹಾರಿದರೆ ಅಪಾಯ. ಹೊಸಬರ ಕೈಗೆ ಬೆನೆಡಿಕ್ಟ್ ಕೊಡುವುದೇ ಸರಿ.

ಮೊದಲು ಗ್ಲೂಕೋಸ್

5 ಮಿ.ಲೀ. ಕಾರಕ, 8 ಹನಿ ಮಾದರಿ, ಕುದಿಯುವ ನೀರಿನ ಬೀಕರಿನಲ್ಲಿ 3 ನಿಮಿಷ. ಅಷ್ಟೇ. ಜೊತೆಗೆ ಇನ್ನೊಂದು ಟ್ಯೂಬಿನಲ್ಲಿ ಮಾದರಿಯ ಬದಲು ಸುಮ್ನೆ ಡಿಸ್ಟಿಲ್ಡ್ ವಾಟರ್ ಹಾಕಿ ಇಡಿ. ಈ ನೀರಿನ ಟ್ಯೂಬ್ ಇಲ್ಲದೆ ನಾನು ಯಾರ ಫಲಿತಾಂಶವನ್ನೂ ಒಪ್ಪುವುದಿಲ್ಲ.

ಟ್ಯೂಬನ್ನು ನೇರ ಉರಿಯ ಮೇಲೆ ಹಿಡಿಯುವ ಶಾರ್ಟ್‌ಕಟ್ ಬೇಡ. ಎರಡು ನಿಮಿಷ ಉಳಿಯುತ್ತದೆ ನಿಜ, ಆದರೆ ದ್ರಾವಣ ಒಮ್ಮೆಲೇ ಚಿಮ್ಮಿ ಎದುರಿನವರ ಮುಖಕ್ಕೆ ಹಾರುತ್ತದೆ.

ಬಣ್ಣವನ್ನು ಅವಸರದಲ್ಲಿ ಓದಬೇಡಿ. ಸಕ್ಕರೆ ಸ್ವಲ್ಪವೇ ಇದ್ದರೆ ಹಸಿರು, ಜಾಸ್ತಿಯಾದಂತೆ ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಹಿಂದೆ ಆಸ್ಪತ್ರೆಗಳಲ್ಲಿ ಮೂತ್ರದ ಸಕ್ಕರೆಯನ್ನು ಅಂದಾಜು ಮಾಡುತ್ತಿದ್ದದ್ದು ಇದೇ ಬಣ್ಣಗಳಿಂದ. ಹಸಿರು ಕಂಡರೆ ಟ್ಯೂಬನ್ನು ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ತಳ ನೋಡಿ. ಅಲ್ಲಿ ಹಳದಿ ಗಸಿ ಕೂತಿದ್ದು ಮೇಲೆ ನೀಲಿ ನೀರು ತಿಳಿಯಾಗಿ ನಿಂತಿದ್ದರೆ ಸಕ್ಕರೆ ಇದೆ ಎಂದರ್ಥ. ಹಳದಿ ಕಣಗಳು ನೀಲಿಯಲ್ಲಿ ತೇಲುವಾಗ ಕಣ್ಣಿಗೆ ಹಸಿರಾಗಿ ಕಾಣುತ್ತದೆ. ತಳದಲ್ಲಿ ಏನೂ ಇಲ್ಲದಿದ್ದರೆ ‘ಬಂತು’ ಎಂದು ಬರೆಯಬೇಡಿ.

ಈಗ ಸುಕ್ರೋಸ್

ಮಾದರಿಗೆ ಕಲ್ಲುಸಕ್ಕರೆ ತೆಗೆದುಕೊಳ್ಳಿ. ದೊಡ್ಡ ಹರಳು, ಒಮ್ಮೆ ನೀರಿನಲ್ಲಿ ತೊಳೆದರೆ ಮೇಲಿನ ಕೊಳೆ ಹೋಗುತ್ತದೆ. ಬೆಲ್ಲ ಬೇಡ. ಕಬ್ಬಿನ ಹಾಲು ಕಾಯಿಸುವಾಗಲೇ ಒಂದಷ್ಟು ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರುಕ್ಟೋಸ್ ಆಗಿರುತ್ತದೆ. ಹಾಗಾಗಿ ಬೆಲ್ಲದ ನೀರು ಆಮ್ಲ ಹಾಕುವ ಮೊದಲೇ ಕೆಂಪಾಗುತ್ತದೆ. ‘ಸುಕ್ರೋಸ್ ನೇರವಾಗಿ ಬಣ್ಣ ಕೊಟ್ಟಿತು’ ಎಂಬ ತಪ್ಪು ತೀರ್ಮಾನ ಬರುವುದು ಹೀಗೆ. ಜೇನುತುಪ್ಪದ್ದೂ ಇದೇ ಕತೆ.

ಸುಕ್ರೋಸ್ ನೇರವಾಗಿ ಬೆನೆಡಿಕ್ಟ್ ಜೊತೆ ವರ್ತಿಸದಿರಲು ಕಾರಣವಿದೆ. ಗ್ಲೂಕೋಸಿನಲ್ಲಿ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡುವ ಕಾರ್ಬನ್ ಒಂದಿದೆ, ಫ್ರುಕ್ಟೋಸಿನಲ್ಲೂ ಒಂದಿದೆ. ಸುಕ್ರೋಸ್ ಆಗುವಾಗ ಎರಡೂ ಅದೇ ಕಾರ್ಬನ್‌ಗಳಿಂದ ಬೆಸೆದುಕೊಳ್ಳುತ್ತವೆ, ಇಬ್ಬರು ಇರುವ ಒಂದೇ ಕೈಯಿಂದ ಪರಸ್ಪರ ಹಿಡಿದುಕೊಂಡು ನಿಂತ ಹಾಗೆ. ಆ ಹಿಡಿತವನ್ನು ಬಿಡಿಸುವುದೇ ಆಮ್ಲದ ಕೆಲಸ.

ದೊಡ್ಡ ಟೆಸ್ಟ್ ಟ್ಯೂಬಿನಲ್ಲಿ ಶೇ 1ರ ಸುಕ್ರೋಸ್ ದ್ರಾವಣ 5 ಮಿ.ಲೀ., ಅದಕ್ಕೆ ದುರ್ಬಲ (ನೀರು ಬೆರೆಸಿ ತೆಳುಮಾಡಿದ) ಹೈಡ್ರೋಕ್ಲೋರಿಕ್ ಆಮ್ಲ 1 ಮಿ.ಲೀ. ಕುದಿಯುವ ನೀರಿನಲ್ಲಿ 5 ನಿಮಿಷ. ಇಲ್ಲಿವರೆಗೆ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಎಡವುವುದು ಇನ್ನು ಮುಂದೆ.

ಮೊದಲು ಟ್ಯೂಬನ್ನು ನಲ್ಲಿ ನೀರಿನಡಿ ಹಿಡಿದು ಪೂರ್ತಿ ತಣ್ಣಗೆ ಮಾಡಿ. ಬಿಸಿಯಿರುವಾಗಲೇ ಸೋಡಾ ಹಾಕಿದರೆ ನೊರೆ ಉಕ್ಕಿ ಅರ್ಧ ಮಾದರಿ ಮೇಜಿನ ಮೇಲೆ ಹೋಗುತ್ತದೆ. ದೊಡ್ಡ ಟ್ಯೂಬ್ ಹೇಳಿದ್ದೂ ಅದಕ್ಕೇ.

ಆಮೇಲೆ ಉಳಿದ ಆಮ್ಲವನ್ನು ಕಳೆಯಲು ಸೋಡಿಯಂ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾ. ಸ್ಪ್ಯಾಚುಲಾದ ತುದಿಯಲ್ಲಿ ನಿಲ್ಲುವಷ್ಟು ಮಾತ್ರ ಹಾಕಿ. ‘ಸ್ಸ್’ ಎಂದು ನೊರೆ ಏಳುತ್ತದೆ. ಅದು ಇಳಿದ ಮೇಲೆ ಇನ್ನೊಂದು ಚಿಟಿಕೆ. ನೊರೆ ನಿಂತಿತು ಅನ್ನಿಸಿದಾಗ ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಪುಡಿ ತಳದಲ್ಲಿ ಕೂತು, ಆಮ್ಲ ಮೇಲೆಯೇ ಉಳಿದಿರಬಹುದು. ಟ್ಯೂಬನ್ನು ಚೆನ್ನಾಗಿ ಅಲ್ಲಾಡಿಸಿ. ಮತ್ತೆ ಗುಳ್ಳೆ ಬಂದರೆ ಮತ್ತೆ ಸೋಡಾ. ಅಲ್ಲಾಡಿಸಿದರೂ ಗುಳ್ಳೆ ಬಾರದೆ, ತಳದಲ್ಲಿ ಸ್ವಲ್ಪ ಬಿಳಿ ಪುಡಿ ಹಾಗೇ ಉಳಿದಾಗ ಗಾಜಿನ ಕಡ್ಡಿ ಅದ್ದಿ ಕೆಂಪು ಲಿಟ್ಮಸ್ ಮೇಲೆ ಒಂದು ಹನಿ ಇಡಿ. ನೀಲಿಯಾದರೆ ಮುಂದಕ್ಕೆ ಹೋಗಿ. ಲಿಟ್ಮಸ್ ಪುಸ್ತಕ ತೆರೆದಿಟ್ಟು ವರ್ಷವಾಗಿದ್ದರೆ ಮೊದಲು ಅದನ್ನೇ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಪರೀಕ್ಷಿಸಿ.

ಈ ಕೆಲಸಕ್ಕೆ ಕಾಸ್ಟಿಕ್ ಸೋಡಾ ದ್ರಾವಣ ಬಳಸುವವರಿದ್ದಾರೆ. ನನಗದು ಇಷ್ಟವಿಲ್ಲ. ಒಂದೆರಡು ಹನಿ ಹೆಚ್ಚಾದರೂ ದ್ರಾವಣ ತೀರಾ ಕ್ಷಾರವಾಗುತ್ತದೆ, ಬಿಸಿ ಮಾಡಿದಾಗ ಸಕ್ಕರೆಯೇ ಕಂದುಬಣ್ಣಕ್ಕೆ ತಿರುಗಿ ಗೊಂದಲ ಮಾಡುತ್ತದೆ. ಅಡುಗೆ ಸೋಡಾ ಎಷ್ಟು ಹೆಚ್ಚಾದರೂ ದ್ರಾವಣ ಸ್ವಲ್ಪ ಕ್ಷಾರವಾಗಿ ಅಲ್ಲಿಗೇ ನಿಲ್ಲುತ್ತದೆ. ಆದರೆ ಅಡುಗೆ ಸೋಡಾ ಬೇರೆ, ಬೇಕಿಂಗ್ ಪೌಡರ್ ಬೇರೆ. ಬೇಕಿಂಗ್ ಪೌಡರಿನಲ್ಲಿ ಆಮ್ಲದ ಪುಡಿಯೂ ಪಿಷ್ಟವೂ ಸೇರಿರುತ್ತದೆ. ಪ್ಯಾಕೆಟ್ ಓದಿ ತೆಗೆದುಕೊಳ್ಳಿ.

ಈಗ 5 ಮಿ.ಲೀ. ಬೆನೆಡಿಕ್ಟ್‌ಗೆ ಈ ಮಾದರಿಯ 8 ಹನಿ ಹಾಕಿ. ಹನಿ ಬೀಳುವಾಗ ಕಣ್ಣು ಅಲ್ಲೇ ಇರಲಿ. ಬಿದ್ದ ಜಾಗದಲ್ಲಿ ಸಣ್ಣ ಗುಳ್ಳೆ ಎದ್ದರೆ ಆಮ್ಲ ಇನ್ನೂ ಉಳಿದಿದೆ, ಅದು ಕಾರಕದ ಕಾರ್ಬೊನೇಟನ್ನು ತಿನ್ನುತ್ತಿದೆ ಎಂದರ್ಥ. ಬೆನೆಡಿಕ್ಟ್‌ನಲ್ಲಿ ತಾಮ್ರ ಕೆಂಪಾಗಲು ಕ್ಷಾರ ಬೇಕೇ ಬೇಕು. ಕಾರ್ಬೊನೇಟ್ ಹೋದರೆ ಎಷ್ಟೇ ಗ್ಲೂಕೋಸ್ ಇದ್ದರೂ ಇಟ್ಟಿಗೆ ಕೆಂಪು ಬರುವುದಿಲ್ಲ.

‘ನಾವು ಸೋಡಾ ಹಾಕದೆಯೇ ಮಾಡಿದೆವು, ಬಣ್ಣ ಬಂತಲ್ಲ?’ ಎನ್ನುವವರೂ ಇದ್ದಾರೆ. ಬರಬಹುದು. ಆಮ್ಲ ದುರ್ಬಲವಿದ್ದು, ಹನಿ ಕಡಿಮೆಯಿದ್ದು, ಕಾರಕ ಧಾರಾಳವಾಗಿದ್ದರೆ ಬೆನೆಡಿಕ್ಟ್‌ನ ಕಾರ್ಬೊನೇಟೇ ಅದನ್ನು ಸರಿಮಾಡಿಕೊಳ್ಳುತ್ತದೆ. ಗಟ್ಟಿ ಆಮ್ಲ ಸುರಿದು, ಕಾರಕ 2 ಮಿ.ಲೀ. ಮಾತ್ರ ತೆಗೆದುಕೊಂಡು, ಮಾದರಿಯನ್ನೂ ಅಷ್ಟೇ ಸುರಿದಾಗ ಕೈಕೊಡುತ್ತದೆ. ನಮ್ಮ ಲ್ಯಾಬ್‌ಗಳಲ್ಲಿ ಆಗುವುದು ಹೆಚ್ಚಾಗಿ ಈ ಎರಡನೆಯದೇ.

ಜೊತೆಗೆ ಆಮ್ಲ ಹಾಕದ ಸುಕ್ರೋಸಿನ ಟ್ಯೂಬೂ ಅದೇ ಬೀಕರಿನಲ್ಲಿ ಇರಲಿ. 3 ನಿಮಿಷದ ನಂತರ ಒಂದು ನೀಲಿ, ಇನ್ನೊಂದು ಕೆಂಪು ಪಕ್ಕಪಕ್ಕದಲ್ಲಿ ನಿಂತಿದ್ದು ನೋಡಿದರೆ ಸಿಗುವ ಖುಷಿಯೇ ಬೇರೆ.

ಉಳಿದ ಕಾರಕಗಳ ಬಗ್ಗೆ ಎರಡು ಮಾತು

ಕಾರ್ಬೊಹೈಡ್ರೇಟ್ ಇದೆಯೇ ಎಂದು ನೋಡುವ ಮೋಲಿಶ್ ಪರೀಕ್ಷೆಯಲ್ಲಿ ನೇರಳೆ ಉಂಗುರ ಬರಬೇಕಾದರೆ ಗಟ್ಟಿ ಸಲ್ಫ್ಯೂರಿಕ್ ಆಮ್ಲವನ್ನು ಓರೆ ಹಿಡಿದ ಟ್ಯೂಬಿನ ಗೋಡೆಗುಂಟ ನಿಧಾನಕ್ಕೆ ಇಳಿಬಿಡಬೇಕು, ಅಲ್ಲಾಡಿಸಬಾರದು. ಸೋಸುಕಾಗದದ ಒಂದು ಎಳೆ ಟ್ಯೂಬಿನಲ್ಲಿದ್ದರೂ ಸುಳ್ಳು ಉಂಗುರ ಬರುತ್ತದೆ, ಯಾಕೆಂದರೆ ಕಾಗದವೂ ಕಾರ್ಬೊಹೈಡ್ರೇಟೇ.

ಗ್ಲೂಕೋಸಿನಂಥ ಒಂಟಿ ಸಕ್ಕರೆಯನ್ನು ಲ್ಯಾಕ್ಟೋಸಿನಂಥ ಜೋಡಿ ಸಕ್ಕರೆಯಿಂದ ಬೇರೆಯಾಗಿ ಗುರುತಿಸುವ ಬಾರ್ಫೋಡ್ ಪರೀಕ್ಷೆಯಲ್ಲಿ ಗಡಿಯಾರ ಮುಖ್ಯ. ಗ್ಲೂಕೋಸ್ 3 ನಿಮಿಷದೊಳಗೆ ಕೆಂಪು ಕೊಡುತ್ತದೆ, ಲ್ಯಾಕ್ಟೋಸ್ ತಡ. ಈ ಕಾರಕ ಆಮ್ಲೀಯವಾದದ್ದು. ಅದರಲ್ಲಿ ಸುಕ್ರೋಸನ್ನು ಹತ್ತು ನಿಮಿಷ ಮರೆತು ಕುದಿಸಿದರೆ ಅದೂ ಒಡೆದು ಕೆಂಪಾಗುತ್ತದೆ. ಮೇಲೆ ಹೇಳಿದ ಹೈಡ್ರೋಕ್ಲೋರಿಕ್ ಆಮ್ಲದ ಮಾದರಿಯನ್ನು ಇದಕ್ಕೆ ಹಾಕಬೇಡಿ, ಕ್ಲೋರೈಡ್ ಅಡ್ಡಿ ಮಾಡುತ್ತದೆ.

ಟಾಲೆನ್ಸ್ ಕಾರಕದ (ಅಮೋನಿಯಾ ಬೆರೆತ ಬೆಳ್ಳಿಯ ದ್ರಾವಣ) ಬೆಳ್ಳಿ ಕನ್ನಡಿ ನೋಡಲು ಬಹಳ ಚಂದ. ಆದರೆ ಅದನ್ನು ಬೇಕಾದಾಗಲೇ ಮಾಡಿ, ಉಳಿದದ್ದಕ್ಕೆ ಅಂದೇ ದುರ್ಬಲ ಆಮ್ಲ ಹಾಕಿ ಕೆಡಿಸಿ. ನಾಳೆಗೆ ಎಂದು ಬಾಟಲಿಯಲ್ಲಿ ಇಟ್ಟರೆ ಸಿಡಿಯುವ ಬೆಳ್ಳಿ ಸಂಯುಕ್ತ ಅದರಲ್ಲಿ ಕೂಡಿಕೊಳ್ಳುತ್ತದೆ.

ತೊಳೆಯುವುದು

ಕೆಂಪು ಗಸಿ ಟ್ಯೂಬಿನ ಒಳಗೋಡೆಗೆ ಅಂಟಿದರೆ ಬ್ರಶ್ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ದುರ್ಬಲ ನೈಟ್ರಿಕ್ ಆಮ್ಲ ಸ್ವಲ್ಪ ಹಾಕಿ ಅಲ್ಲಾಡಿಸಿ, ಕರಗುತ್ತದೆ. ಆಮೇಲೆ ನಲ್ಲಿ ನೀರು, ಕೊನೆಗೆ ಡಿಸ್ಟಿಲ್ಡ್ ವಾಟರ್. ತಾಮ್ರದ ನೀರನ್ನು ಸಿಂಕಿಗೆ ಸುರಿಯದೆ ‘ತಾಮ್ರ’ ಎಂದು ಚೀಟಿ ಅಂಟಿಸಿದ ಕ್ಯಾನಿನಲ್ಲಿ ಕೂಡಿಡಿ, ತುಂಬಿದಾಗ ಅಟೆಂಡರ್‌ಗೆ ತಿಳಿಸಿ.