ಮೆತ್ತನೆ ನೆಲವನ್ನು ಗಟ್ಟಿ ಮಾಡುವ ಬಗೆ: ಯಾವ ಮಣ್ಣಿಗೆ ಯಾವ ವಿಧಾನ

‘ನೆಲ ದುರ್ಬಲ’ ಎಂದು ವರದಿಯಲ್ಲಿ ಬರೆದುಬಿಟ್ಟರೆ ಸಾಲದು, ಅದು ಯಾವ ಬಗೆಯ ದೌರ್ಬಲ್ಯ ಎಂದೂ ಹೇಳಬೇಕು. ಭಾರವನ್ನೇ ತಡೆಯದ ಮಣ್ಣು ಒಂದು ಬಗೆ. ಭಾರ ಹೊತ್ತರೂ ವರ್ಷಗಟ್ಟಲೆ ಇಳಿಯುತ್ತಲೇ ಹೋಗುವುದು ಇನ್ನೊಂದು. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುವ ಎರೆಮಣ್ಣು ಮತ್ತೊಂದು. ಭೂಕಂಪದಲ್ಲಿ ದ್ರವದಂತಾಗುವ ಸಡಿಲ ಮರಳಿನ ಕಥೆಯೇ ಬೇರೆ. ಒಂದಕ್ಕೆ ಹೊಂದುವ ಉಪಾಯ ಇನ್ನೊಂದಕ್ಕೆ ಹೊಂದುವುದಿಲ್ಲ. ನೆಲ ಸುಧಾರಣೆಯ ಕೆಲಸ ಕೆಡುವುದು ಬಹುಮಟ್ಟಿಗೆ ಇಲ್ಲೇ: ಕೈಗೆ ಸಿಕ್ಕ ಯಂತ್ರ ಯಾವುದೋ ಅದೇ ವಿಧಾನವಾಗಿಬಿಡುತ್ತದೆ.

ಮೊದಲು ಪರೀಕ್ಷೆ

ಬೋರ್‌ಹೋಲ್ ಅಡಿಪಾಯದ ಅಗಲದ ಒಂದೂವರೆಯಿಂದ ಎರಡು ಪಟ್ಟು ಆಳಕ್ಕಾದರೂ ಇಳಿಯಬೇಕು. ಮೆತ್ತನೆ ಪದರ ಅದಕ್ಕೂ ಕೆಳಗೆ ಹೋಗಿದ್ದರೆ ಗಟ್ಟಿ ನೆಲ ಸಿಗುವವರೆಗೂ ಕೊರೆಯಿರಿ. ಸುತ್ತಿಗೆಯಿಂದ ಹೊಡೆದು ರಾಡ್ ಇಳಿಸುವ ಎಸ್‌ಪಿಟಿ ಪರೀಕ್ಷೆಯಲ್ಲಿ ಎನ್ ಮೌಲ್ಯ (ನಿಗದಿತ ಆಳ ಇಳಿಯಲು ಬೇಕಾದ ಪೆಟ್ಟುಗಳ ಸಂಖ್ಯೆ) ಮರಳಿನಲ್ಲಿ 10ಕ್ಕಿಂತ ಕಡಿಮೆ ಬಂದರೆ ಸಡಿಲ, ಜೇಡಿಮಣ್ಣಿನಲ್ಲಿ 4ಕ್ಕಿಂತ ಕಡಿಮೆ ಬಂದರೆ ಮೆತ್ತನೆ ಎಂದು ಲೆಕ್ಕ. ಆದರೆ ತೀರಾ ಮೆತ್ತನೆ ಜೇಡಿಯಲ್ಲಿ ಎಸ್‌ಪಿಟಿಯನ್ನು ನಂಬಬೇಡಿ. ಸುತ್ತಿಗೆಯ ಭಾರಕ್ಕೇ ರಾಡ್ ಇಳಿದುಹೋಗುವ ಕಡೆ ಎನ್ ಮೌಲ್ಯದಿಂದ ಏನೂ ತಿಳಿಯದು, ಅಲ್ಲಿ ವೇನ್ ಶಿಯರ್ ಪರೀಕ್ಷೆಯೇ (ಅಲಗುಗಳನ್ನು ಜೇಡಿಗೆ ಚುಚ್ಚಿ ತಿರುಗಿಸಿ, ಅದು ಜಾರದೆ ತಡೆಯುವ ಶಿಯರ್ ಬಲ ಅಳೆಯುವುದು) ಆಗಬೇಕು.

ಇದರ ಜೊತೆಗೆ 75 ಮೈಕ್ರಾನ್ ಜರಡಿಯಲ್ಲಿ ಇಳಿಯುವ ನಯ ಕಣಗಳ ಪಾಲು, ಲಿಕ್ವಿಡ್ ಲಿಮಿಟ್ (ಮಣ್ಣು ಹರಿಯತೊಡಗುವ ತೇವಾಂಶ), ಪ್ಲಾಸ್ಟಿಕ್ ಲಿಮಿಟ್ (ಮಣ್ಣು ಅಚ್ಚು ಹಿಡಿಯದೆ ಪುಡಿಯಾಗತೊಡಗುವ ತೇವಾಂಶ), ಸಾವಯವ ಅಂಶ, ಸಲ್ಫೇಟ್ ಮತ್ತು ಅಂತರ್ಜಲದ ಮಟ್ಟ ಬೇಕೇ ಬೇಕು. ಸಲ್ಫೇಟ್ ಪರೀಕ್ಷೆಯನ್ನು ಬಿಡುವವರೇ ಹೆಚ್ಚು. ಅದರ ಪರಿಣಾಮ ಏನೆಂದು ಕೆಳಗೆ ಹೇಳಿದೆ.

ಮೇಲ್ಪದರದ ತೊಂದರೆಗೆ ಮಣ್ಣು ಬದಲಾವಣೆ

ಕೆಟ್ಟ ಪದರ ಒಂದೂವರೆ, ಎರಡು ಮೀಟರ್ ಒಳಗೇ ಮುಗಿದು, ಅಂತರ್ಜಲ ಅದಕ್ಕಿಂತ ಕೆಳಗಿದ್ದರೆ ತೆಗೆದು ಹಾಕಿ ಒಳ್ಳೆಯ ಗ್ರಾವಲ್ ತುಂಬುವುದೇ ಸುಲಭ. 200ರಿಂದ 300 ಮಿ.ಮೀ. ಸಡಿಲ ಪದರಗಳಲ್ಲಿ ಹಾಕಿ, ಪ್ರತಿ ಪದರವನ್ನೂ ಪ್ರಾಕ್ಟರ್ ಸಾಂದ್ರತೆಯ (ಲ್ಯಾಬಿನಲ್ಲಿ ದಮ್ಮಸು ಮಾಡಿ ಕಂಡುಕೊಂಡ ಗರಿಷ್ಠ ಒಣ ಸಾಂದ್ರತೆ) ಶೇ. 95ರವರೆಗೆ ರೋಲರ್ ಹೊಡೆಯಿರಿ. ಎರೆಮಣ್ಣಿನ ಗುಂಡಿಗೆ ಬರೀ ಮರಳು ತುಂಬಬೇಡಿ. ಸುತ್ತಲಿನ ನೀರೆಲ್ಲ ಬಂದು ಅದರಲ್ಲಿ ನಿಂತು, ತಳದ ಎರೆಯನ್ನು ವರ್ಷವಿಡೀ ಉಬ್ಬಿಸುತ್ತದೆ.

ಉಬ್ಬುವ ಜೇಡಿಗೆ ಸುಣ್ಣ

ಪ್ಲಾಸ್ಟಿಸಿಟಿ ಇಂಡೆಕ್ಸ್ (ಲಿಕ್ವಿಡ್, ಪ್ಲಾಸ್ಟಿಕ್ ಲಿಮಿಟ್‌ಗಳ ವ್ಯತ್ಯಾಸ) 10ಕ್ಕಿಂತ ಹೆಚ್ಚು, ನಯ ಕಣ ಶೇ. 25ಕ್ಕಿಂತ ಹೆಚ್ಚು ಇರುವ ಮಣ್ಣಿಗೆ ಸುಣ್ಣ ಚೆನ್ನಾಗಿ ಹಿಡಿಯುತ್ತದೆ. ಮರಳು ಮಿಶ್ರಿತ, ಅಂಟು ಕಡಿಮೆ ಇರುವ ಮಣ್ಣಿಗೆ ಸಿಮೆಂಟೇ ಸರಿ. ಸುಣ್ಣದಿಂದ ಆಗುವುದು ಎರಡು ಕೆಲಸ. ಮೊದಲ ಕೆಲವು ಗಂಟೆಗಳಲ್ಲಿ ಕ್ಯಾಲ್ಸಿಯಂ ಜೇಡಿಯ ಕಣಗಳಿಗೆ ಅಂಟಿ, ಮಣ್ಣು ಪುಡಿಪುಡಿಯಾಗಿ ಅಂಟು ಕಳೆದುಕೊಳ್ಳುತ್ತದೆ. ಆಮೇಲೆ ಪಿಎಚ್ (ಕ್ಷಾರ ಗುಣದ ಅಳತೆ) ಮೇಲೇ ಉಳಿದರೆ ಜೇಡಿಯ ಸಿಲಿಕಾ, ಅಲ್ಯುಮಿನಾ ಕರಗಿ, ವಾರ ತಿಂಗಳುಗಳಲ್ಲಿ ಸಿಮೆಂಟಿನಂಥ ಬಂಧ ಕಟ್ಟುತ್ತದೆ. ಸುಣ್ಣ ಕಡಿಮೆ ಹಾಕಿದರೆ ಮೊದಲನೆಯದಷ್ಟೇ ಆಗುತ್ತದೆ. ಮಣ್ಣು ನೋಡಲು ಚೆನ್ನಾಗಿ ಕಂಡರೂ ಬಲ ಬಂದಿರುವುದಿಲ್ಲ.

ಎಷ್ಟು ಸುಣ್ಣ ಎಂದು ತಿಳಿಯಲು 425 ಮೈಕ್ರಾನ್ ಜರಡಿಯಲ್ಲಿ ಇಳಿದ ಒಣ ಮಣ್ಣನ್ನು ಐದು ಬಾಟಲಿಗಳಿಗೆ ತಲಾ 25 ಗ್ರಾಂ ಹಾಕಿ. ಒಂದೊಂದಕ್ಕೆ ಶೇ. 2, 3, 4, 5, 6ರಂತೆ ಸುಣ್ಣ ಮತ್ತು 100 ಮಿ.ಲೀ. ಭಟ್ಟಿ ಇಳಿಸಿದ ನೀರು ಸೇರಿಸಿ. ಹತ್ತು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಕುಲುಕುತ್ತ ಒಂದು ಗಂಟೆ ಬಿಟ್ಟು ಪಿಎಚ್ ಅಳೆಯಿರಿ. 12.4 ಮುಟ್ಟಿದ ಬಾಟಲಿಗಳಲ್ಲಿ ಅತಿ ಕಡಿಮೆ ಸುಣ್ಣ ಯಾವುದರಲ್ಲಿದೆಯೋ ಅದೇ ಆರಂಭದ ಪ್ರಮಾಣ. ಇದು ಸುಣ್ಣ ಸಾಕೆಂದು ಹೇಳುತ್ತದೆ, ಬಲ ಬರುತ್ತದೆಂದು ಅಲ್ಲ. ಆದ್ದರಿಂದ ಅದೇ ಪ್ರಮಾಣದಲ್ಲಿ ಅಚ್ಚು ಹಾಕಿ, ಕ್ಯೂರಿಂಗ್ ಮಾಡಿ ಒಡೆದು ನೋಡಿ.

ಕೆಲಸದ ಲೆಕ್ಕ ಹೀಗೆ: ದಮ್ಮಸು ಆದ ಮೇಲೆ 300 ಮಿ.ಮೀ. ದಪ್ಪ, ಒಣ ಸಾಂದ್ರತೆ ಘನ ಮೀಟರಿಗೆ 1,600 ಕೆ.ಜಿ., ಸುಣ್ಣ ಶೇ. 5 ಎಂದಾದರೆ 0.3 × 1,600 × 0.05 = ಚದರ ಮೀಟರಿಗೆ 24 ಕೆ.ಜಿ. ಅಂದರೆ 25 ಕೆ.ಜಿ. ಚೀಲಕ್ಕೆ ಹೆಚ್ಚುಕಡಿಮೆ ಒಂದು ಚದರ ಮೀಟರ್. ಲೆಕ್ಕ ಅರಳಿದ ಸುಣ್ಣದ್ದಾಗಿದ್ದು ತಂದದ್ದು ಸುಟ್ಟ ಸುಣ್ಣವಾದರೆ ಮುಕ್ಕಾಲು ಭಾಗ ಸಾಕು. ಆದರೆ ಅದು ನೀರು ತಗುಲಿದೊಡನೆ ಕುದಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಗಾಗಲ್ಸ್, ಕೈಗವಸು, ಪಕ್ಕದಲ್ಲೇ ಶುದ್ಧ ನೀರು ಇಲ್ಲದೆ ಚೀಲ ಬಿಚ್ಚಬೇಡಿ. ತಿಂಗಳುಗಟ್ಟಲೆ ಗಾಳಿಗೆ ತೆರೆದಿಟ್ಟ ಸುಣ್ಣವೂ ಬೇಡ. ಅದರಲ್ಲಿ ಬಹುಪಾಲು ಕಾರ್ಬೊನೇಟ್ ಆಗಿರುತ್ತದೆ.

ನೆಲವನ್ನು ರೋಟವೇಟರಿನಿಂದ ಉತ್ತು, ಸುಣ್ಣ ಹರಡಿ ಬೆರೆಸಿ, ತೇವಾಂಶವನ್ನು ಆಪ್ಟಿಮಮ್‌ಗಿಂತ (ಗರಿಷ್ಠ ಸಾಂದ್ರತೆ ಸಿಗುವ ತೇವಾಂಶ) ಶೇ. 2–3 ಹೆಚ್ಚಿಗೆ ಇಡಿ. ಮೇಲೆ ಹಗುರಾಗಿ ರೋಲರ್ ಆಡಿಸಿ ಒಂದರಿಂದ ಮೂರು ದಿನ ಹಾಗೇ ಬಿಡಿ. ಆಮೇಲೆ ಮತ್ತೆ ಬೆರೆಸಿ. ಹೆಂಟೆಗಳೆಲ್ಲ 25 ಮಿ.ಮೀ.ಗಿಂತ ಚಿಕ್ಕದಾಗಿ, ಕನಿಷ್ಠ ಶೇ. 60 ಭಾಗ 4.75 ಮಿ.ಮೀ. ಜರಡಿಯಲ್ಲಿ ಇಳಿಯುವಷ್ಟು ಪುಡಿಯಾಗಿರಬೇಕು. ಆಗ ದಮ್ಮಸು ಮಾಡಿ, ಏಳು ದಿನ ಒಣಗದಂತೆ ನೋಡಿಕೊಳ್ಳಿ. ಸುಣ್ಣ ತಳದವರೆಗೆ ಹೋಗಿದೆಯೇ ಎಂದು ನೋಡಲು ಗುಂಡಿ ತೋಡಿ ಅದರ ಗೋಡೆಗೆ ಫೀನಾಲ್ಫ್ಥಲೀನ್ ಸಿಂಪಡಿಸಿ. ಗುಲಾಬಿ ಬಣ್ಣ ಬಾರದ ಪಟ್ಟಿಯಲ್ಲಿ ಮಿಶ್ರಣ ಆಗಿಲ್ಲ.

ಸೈಟಿನಲ್ಲಿ ಪದೇಪದೇ ಎದುರಾಗುವ ಗೊಂದಲ ಒಂದಿದೆ. ಸುಣ್ಣ ಬೆರೆತ ಮಣ್ಣಿನ ಗರಿಷ್ಠ ಒಣ ಸಾಂದ್ರತೆ ಇಳಿದು, ಆಪ್ಟಿಮಮ್ ತೇವಾಂಶ ಏರಿರುತ್ತದೆ. ಸುಣ್ಣ ಬೆರೆಸದ ಮಣ್ಣಿನ ಪ್ರಾಕ್ಟರ್ ಅಂಕಿಯನ್ನೇ ಹಿಡಿದು ಅಳೆದರೆ ಒಳ್ಳೆಯ ಪದರವೂ ಫೇಲ್ ಆಗುತ್ತದೆ. ಬೆರೆಸಿದ ಮಣ್ಣಿಗೇ ಪ್ರಾಕ್ಟರ್ ಪರೀಕ್ಷೆ ಹೊಸದಾಗಿ ಮಾಡಿಸಿ.

ಇನ್ನು ಸಲ್ಫೇಟ್. ಮಣ್ಣಿನಲ್ಲಿ ಕರಗುವ ಸಲ್ಫೇಟ್ ಶೇ. 0.3 ದಾಟಿದರೆ ಎಚ್ಚರ. ಸುಣ್ಣ, ಜೇಡಿಯ ಅಲ್ಯುಮಿನಾ, ಸಲ್ಫೇಟ್, ನೀರು ಸೇರಿ ಎಟ್ರಿಂಗೈಟ್ ಎಂಬ ಉಬ್ಬುವ ಹರಳಾಗುತ್ತದೆ. ಉಬ್ಬು ತಡೆಯಲೆಂದು ಹಾಕಿದ ಸುಣ್ಣವೇ ರಸ್ತೆಯನ್ನು ಎತ್ತಿಬಿಡುತ್ತದೆ. ಶೇ. 1ರ ಹತ್ತಿರ ಬಂದರೆ ಸುಣ್ಣ, ಸಿಮೆಂಟ್ ಎರಡನ್ನೂ ಬಿಟ್ಟು ಬೇರೆ ದಾರಿ ನೋಡಿ.

ಆಳದ ಮೆತ್ತನೆ ಜೇಡಿಗೆ ಡ್ರೈನ್ ಮತ್ತು ಮುಂಗಡ ಭಾರ

ಹತ್ತು ಮೀಟರ್ ದಪ್ಪದ ಜೇಡಿ, ನೀರು ಹೊರಹೋಗಲು ಮೇಲಿನ ದಾರಿ ಮಾತ್ರ, ಕನ್ಸಾಲಿಡೇಶನ್ ಗುಣಾಂಕ (ಭಾರಕ್ಕೆ ನೀರು ಹಿಂಡಿ ಜೇಡಿ ಕುಗ್ಗುವ ವೇಗದ ಅಳತೆ) ವರ್ಷಕ್ಕೆ 1 ಚದರ ಮೀಟರ್ ಎಂದುಕೊಳ್ಳಿ. ಶೇ. 90 ಇಳಿತ ಮುಗಿಯಲು 0.848 × 10² ÷ 1 (0.848 ಶೇ. 90ಕ್ಕೆ ಇರುವ ಸ್ಥಿರಾಂಕ), ಅಂದರೆ ಸುಮಾರು 85 ವರ್ಷ ಬೇಕು. ಕಾಲ ನೀರಿನ ದಾರಿಯ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, ದಾರಿಯನ್ನು ಮೊಟಕು ಮಾಡುವುದೇ ಉಪಾಯ. 100 ಮಿ.ಮೀ. ಅಗಲ, 3–4 ಮಿ.ಮೀ. ದಪ್ಪದ ಪಿವಿಡಿ ಪಟ್ಟಿಗಳನ್ನು (ನೀರನ್ನು ಮೇಲಕ್ಕೆ ಹರಿಸುವ, ನೆಟ್ಟಗೆ ಇಳಿಸುವ ಡ್ರೈನ್) ತ್ರಿಕೋನ ಜೋಡಣೆಯಲ್ಲಿ 1.2 ಮೀಟರಿಗೊಂದರಂತೆ ಇಳಿಸಿದರೆ, ಅಡ್ಡ ದಿಕ್ಕಿನ ಗುಣಾಂಕ 2 ಇದ್ದಾಗ ಅದೇ ಶೇ. 90 ಲೆಕ್ಕದ ಪ್ರಕಾರ ಆರು ತಿಂಗಳಲ್ಲಿ ಮುಗಿಯುತ್ತದೆ. ನಿಜದಲ್ಲಿ ಇನ್ನಷ್ಟು ಹಿಡಿಯುತ್ತದೆ. ಪಟ್ಟಿಯನ್ನು ಒಳಕ್ಕೆ ಒಯ್ಯುವ ಮ್ಯಾಂಡ್ರೆಲ್ ಸುತ್ತಲಿನ ಜೇಡಿಯನ್ನು ಕಲಸಿ ನೀರಿನ ದಾರಿ ಬಿಗಿಮಾಡುತ್ತದೆ. ಆದ್ದರಿಂದಲೇ ಪಟ್ಟಿಗಳನ್ನು ಒಂದು ಮೀಟರಿಗಿಂತ ತೀರಾ ಹತ್ತಿರ ತಂದರೆ ಖರ್ಚು ಏರುತ್ತದೆಯೇ ಹೊರತು ಕಾಲ ಅಷ್ಟಾಗಿ ಇಳಿಯುವುದಿಲ್ಲ.

ಮೊದಲು 300ರಿಂದ 500 ಮಿ.ಮೀ. ದಪ್ಪದ ದಪ್ಪಮರಳಿನ ಹಾಸು ಹಾಕಿ, ಪಟ್ಟಿಯ ತುದಿ ಅದರಲ್ಲಿ ಕೂರುವಂತೆ ಕತ್ತರಿಸಿ. ಹಾಸಿನ ನೀರು ಬದಿಗೆ ಹರಿದು ಹೋಗುವ ವ್ಯವಸ್ಥೆಯೂ ಇರಲಿ. ಹೂಳು ಬೆರೆತ ಮರಳು ಹಾಕಿದರೆ ಕೆಳಗಿನ ಪಟ್ಟಿಗಳೆಲ್ಲ ವ್ಯರ್ಥ.

ಜೇಡಿಯ ನೀರು ಹಿಂಡಿ ಹೊರಬರಲೆಂದು ಮೇಲೆ ಮಣ್ಣು ಪೇರಿಸಿ ಕೊಡುವುದೇ ಮುಂಗಡ ಭಾರ. ಅದನ್ನು ಒಮ್ಮೆಗೇ ಹೇರಬೇಡಿ. ಜೇಡಿಯ ಶಿಯರ್ ಬಲ 12 ಕಿಲೊಪ್ಯಾಸ್ಕಲ್ ಇದ್ದರೆ ಅದು ತಡೆಯುವ ಮಿತಿ 5.14 × 12, ಅಂದರೆ 62 ಕಿಲೊಪ್ಯಾಸ್ಕಲ್. ಸುರಕ್ಷತಾ ಗುಣಾಂಕ 1.3, ತುಂಬುವ ಮಣ್ಣಿನ ತೂಕ ಘನ ಮೀಟರಿಗೆ 18 ಕಿಲೊನ್ಯೂಟನ್ ಹಿಡಿದರೆ ಮೊದಲ ಹಂತದ ಎತ್ತರ ಎರಡೂವರೆ ಮೀಟರ್ ಆಸುಪಾಸು. ಜೇಡಿ ಗಟ್ಟಿಯಾದ ಮೇಲೆ ವೇನ್ ಪರೀಕ್ಷೆ ಮಾಡಿಯೇ ಮುಂದಿನ ಹಂತ. ನಡುವೆ ಇಳಿತ ನಿಧಾನವಾಗಿದ್ದು, ಒಡ್ಡಿನ ಬುಡ ಹೊರಕ್ಕೆ ಸರಿಯುವ ವೇಗ ಹೆಚ್ಚಿದರೆ ಲಾರಿಗಳನ್ನು ಅಲ್ಲಿಗೇ ನಿಲ್ಲಿಸಿ. ಜಾರುವ ಮುನ್ನ ನೆಲ ಕೊಡುವ ಸೂಚನೆ ಅದು.

ಮುಂಗಡ ಭಾರ ತೆಗೆಯುವುದು ಯಾವಾಗ ಎಂಬುದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸಬೇಡಿ. ಸೆಟಲ್‌ಮೆಂಟ್ ಪ್ಲೇಟಿನ (ಇಳಿತ ಅಳೆಯಲು ಇಡುವ ತಟ್ಟೆ) ಅಳತೆಗಳನ್ನು ಸಮ ಅಂತರದ ದಿನಗಳಲ್ಲಿ ತೆಗೆದು, ಹಿಂದಿನ ಅಳತೆಯನ್ನು ಗ್ರಾಫಿನ ಅಡ್ಡಕ್ಕೂ ಈಗಿನದನ್ನು ಉದ್ದಕ್ಕೂ ಗುರುತಿಸಿ. ಆ ಚುಕ್ಕಿಗಳ ಗೆರೆ 45 ಡಿಗ್ರಿ ಗೆರೆಯನ್ನು ಮುಟ್ಟುವ ಜಾಗವೇ ಕೊನೆಯ ಇಳಿತ. ಅಸಾಓಕಾ ವಿಧಾನ ಎನ್ನುವುದು ಇದನ್ನೇ.

ಕಲ್ಲಿನ ಕಂಬ ಮತ್ತು ಭಾರೀ ದಮ್ಮಸು

ಕಾಯಲು ಸಮಯವಿಲ್ಲದಿದ್ದರೆ 0.6ರಿಂದ 1 ಮೀಟರ್ ವ್ಯಾಸದ ಜಲ್ಲಿಯ ಕಂಬಗಳು. ಇವು ನಿಲ್ಲುವುದು ಸುತ್ತಲಿನ ಜೇಡಿಯ ಒತ್ತಾಸರೆಯಿಂದ. ಶಿಯರ್ ಬಲ 15 ಕಿಲೊಪ್ಯಾಸ್ಕಲ್‌ಗಿಂತ ಕಡಿಮೆ ಇದ್ದರೆ, ಅಥವಾ ದಪ್ಪ ಪೀಟ್ (ಕೊಳೆತ ಸಸ್ಯಗಳ ಮಣ್ಣು) ಪದರವಿದ್ದರೆ, ಕಂಬ ಮೇಲಿನ ನಾಲ್ಕು ವ್ಯಾಸದಷ್ಟು ಎತ್ತರದಲ್ಲಿ ಹೊರಕ್ಕೆ ಉಬ್ಬಿ ಕುಸಿಯುತ್ತದೆ. ಅಂಥ ಕಡೆ ಕಂಬಕ್ಕೆ ಜಿಯೋಸಿಂಥೆಟಿಕ್ (ಕೃತಕ ನೂಲಿನ ಗಟ್ಟಿ ಬಟ್ಟೆ) ಚೀಲ ತೊಡಿಸಬೇಕು. ಪ್ರತಿ ಕಂಬ ಎಷ್ಟು ಜಲ್ಲಿ ಕುಡಿಯಿತೆಂದು ಮೀಟರ್‌ವಾರು ಬರೆದಿಡಿ. ಲೆಕ್ಕಕ್ಕಿಂತ ಕಡಿಮೆ ಹೋಗಿದ್ದರೆ ಕಂಬ ನಡುವೆ ಸಣ್ಣಗಾಗಿದೆ ಎಂದರ್ಥ.

ಸಡಿಲ ಮರಳಿಗೆ ಭಾರವನ್ನು ಎತ್ತರದಿಂದ ಬೀಳಿಸುವ ವಿಧಾನ ಅಗ್ಗ. ಟನ್ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಗುಣಿಸಿ, ವರ್ಗಮೂಲ ತೆಗೆದು ಅರ್ಧ ಮಾಡಿದರೆ ಪರಿಣಾಮದ ಆಳ ಸಿಗುತ್ತದೆ: 15 ಟನ್ 15 ಮೀಟರಿನಿಂದ ಬಿದ್ದರೆ ಸುಮಾರು 7.5 ಮೀಟರ್. ನೀರು ತುಂಬಿದ ಜೇಡಿಗೆ ಇದನ್ನು ಮಾಡಿದರೆ ಕೆಸರೆದ್ದು ನೆಲ ಇನ್ನೂ ಹಾಳಾಗುತ್ತದೆ. ಅಕ್ಕಪಕ್ಕ ಕಟ್ಟಡಗಳಿದ್ದರೆ ಮೊದಲ ಪೆಟ್ಟಿನಿಂದಲೇ ಕಂಪನ ಅಳೆಯಬೇಕು. ಕೆಲಸ ಮುಗಿದ ಮರುದಿನವೇ ಎಸ್‌ಪಿಟಿ ಮಾಡಿಸಿ ಎನ್ ಏರಿಲ್ಲವೆಂದು ಗಾಬರಿಯಾಗಬೇಡಿ. ರಂಧ್ರಗಳ ನೀರಿನ ಒತ್ತಡ ಇಳಿದು ಕಣಗಳು ಹೊಂದಿಕೊಳ್ಳಲು ಒಂದೆರಡು ವಾರ ಕೊಟ್ಟು, ಪೆಟ್ಟು ಬಿದ್ದ ಗುಂಡಿಗಳ ನಡುವಿನ ಜಾಗದಲ್ಲಿ ಪರೀಕ್ಷೆ ಮಾಡಿಸಿ.