ಬೆನ್ನುಮೂಳೆಯ ಗೆಡ್ಡೆಗೆ ಕಾರ್ಬನ್ ಫೈಬರ್ ಇಂಪ್ಲಾಂಟ್: ಒಪ್ಪಿಗೆ ಕೊಡುವ ಮುನ್ನ ಪರಿಶೀಲಿಸಬೇಕಾದದ್ದು

ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಅಥವಾ ಮೂತ್ರಪಿಂಡದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ, ಕಶೇರು (ಬೆನ್ನುಮೂಳೆಯ ಒಂದೊಂದು ಬಿಡಿ ಮೂಳೆ) ಕುಸಿಯುವ ಸ್ಥಿತಿ ತಲುಪಿದಾಗ, ಶಸ್ತ್ರವೈದ್ಯರು ಬೆನ್ನುಹುರಿಯ ಮೇಲಿನ ಒತ್ತಡವನ್ನು ತೆಗೆದು, ಮೇಲಿನ ಮತ್ತು ಕೆಳಗಿನ ಕಶೇರುಗಳಿಗೆ ಸ್ಕ್ರೂ ಹಾಕಿ, ಅವುಗಳನ್ನು ರಾಡ್‌ಗಳಿಂದ ಜೋಡಿಸಿ ಆಧಾರ ಕೊಡುತ್ತಾರೆ. ಈ ಸ್ಕ್ರೂ ಮತ್ತು ರಾಡ್‌ಗಳು ಬಹುಕಾಲದಿಂದ ಟೈಟಾನಿಯಂ ಮಿಶ್ರಲೋಹದವು. ಈಗ ಅದರ ಜೊತೆಗೆ, ಪೀಕ್ ಎಂದು ಕರೆಯುವ ಪಾಲಿ ಈಥರ್ ಈಥರ್ ಕೀಟೋನ್ ಎಂಬ ಪ್ಲಾಸ್ಟಿಕ್‌ನಲ್ಲಿ ಕಾರ್ಬನ್ ಎಳೆಗಳನ್ನು ಹುದುಗಿಸಿ ತಯಾರಿಸಿದ ಇಂಪ್ಲಾಂಟ್‌ಗಳೂ ದೊರೆಯುತ್ತವೆ. ಎರಡರಲ್ಲಿ ಯಾವುದು ಬೇಕೆಂಬುದನ್ನು ಮನೆಯವರು ಸಾಮಾನ್ಯವಾಗಿ ಬೆಲೆ ಮತ್ತು ಬಾಳಿಕೆಯ ಲೆಕ್ಕದಲ್ಲಿ ಯೋಚಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ತೀರ್ಮಾನ ನಿಲ್ಲಬೇಕಾದದ್ದು ಶಸ್ತ್ರಚಿಕಿತ್ಸೆಯ ನಂತರ ಏನು ನಡೆಯಲಿದೆ ಎಂಬುದರ ಮೇಲೆ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಇದು: ಆಪರೇಷನ್ ಆದಮೇಲೆ ಅದೇ ಜಾಗಕ್ಕೆ ರೇಡಿಯೊಥೆರಪಿ ಕೊಡಲಿದ್ದೀರಾ? ಕೊಡುವುದಾದರೆ, ಇಂಪ್ಲಾಂಟ್ ನಿರ್ಧಾರವಾಗುವ ಮೊದಲೇ ರೇಡಿಯೇಷನ್ ತಜ್ಞರನ್ನು ಒಮ್ಮೆ ಭೇಟಿ ಮಾಡಿಸಲು ಕೇಳಿಕೊಳ್ಳಿ. ಹಲವೆಡೆ ರೋಗಿ ಅವರ ಬಳಿ ಹೋಗುವುದು ಗಾಯ ಮಾಗಿದ ಮೇಲೆ. ಅಷ್ಟರಲ್ಲಿ ಲೋಹ ಒಳಗೆ ಕೂತಾಗಿರುತ್ತದೆ.

ಇದು ಏಕೆ ಮುಖ್ಯ ಎಂಬುದು ಸಿಟಿ ಸ್ಕ್ಯಾನ್ ಚಿತ್ರವನ್ನು ನೋಡಿದರೆ ತಿಳಿಯುತ್ತದೆ. ಟೈಟಾನಿಯಂ ಸ್ಕ್ರೂ ಇರುವ ಕಶೇರುವಿನ ಚಿತ್ರದಲ್ಲಿ ಸ್ಕ್ರೂವಿನಿಂದ ಎರಡೂ ಕಡೆಗೆ ಬಿಳಿ ಮತ್ತು ಕಪ್ಪು ಗೆರೆಗಳು ಚಾಚಿಕೊಂಡಿರುತ್ತವೆ, ಮತ್ತು ಆ ಗೆರೆಗಳು ಹಾದುಹೋಗುವುದು ಬೆನ್ನುಹುರಿ ಇರುವ ಜಾಗದ ಮೇಲೆಯೇ. ಎಂಆರ್‌ಐ ಚಿತ್ರದಲ್ಲಿ ಸ್ಕ್ರೂವಿನ ಸುತ್ತ ಅದರ ನಿಜವಾದ ಗಾತ್ರಕ್ಕಿಂತ ದೊಡ್ಡದಾದ ಕಪ್ಪು ಕಲೆ ಮೂಡುತ್ತದೆ. ರೇಡಿಯೇಷನ್ ತಜ್ಞರು ಗೆಡ್ಡೆಯ ಅಂಚು ಯಾವುದು, ಬೆನ್ನುಹುರಿಯ ಅಂಚು ಯಾವುದು ಎಂದು ಮಿಲಿಮೀಟರ್ ಲೆಕ್ಕದಲ್ಲಿ ಗೆರೆ ಎಳೆಯಬೇಕಾದದ್ದು ಇದೇ ಚಿತ್ರಗಳ ಮೇಲೆ. ಟೈಟಾನಿಯಂನ ಪರಮಾಣು ಸಂಖ್ಯೆ 22, ಕಾರ್ಬನ್‌ನದು 6. ಕಡಿಮೆ ಪರಮಾಣು ಸಂಖ್ಯೆಯ ಕಾರ್ಬನ್ ಎಕ್ಸ್‌ರೇ ಕಿರಣಗಳನ್ನು ಮೃದು ಅಂಗಾಂಶದಂತೆಯೇ ಬಹುಪಾಲು ಹಾದುಹೋಗಲು ಬಿಡುವುದರಿಂದ ಚಿತ್ರ ಸ್ವಚ್ಛವಾಗಿರುತ್ತದೆ, ಚಿಕಿತ್ಸೆಯ ಕಿರಣವೂ ದಾರಿಯಲ್ಲಿ ಕಡಿಮೆ ಚದುರುತ್ತದೆ. ಎಕ್ಸ್‌ರೇ ಬದಲು ಪ್ರೋಟಾನ್ ಕಣಗಳನ್ನು ಗೆಡ್ಡೆಗೆ ಹಾಯಿಸುವ ಪ್ರೋಟಾನ್ ಚಿಕಿತ್ಸೆಯಲ್ಲಿ ಈ ಅನುಕೂಲದ ತೂಕ ಇನ್ನೂ ಹೆಚ್ಚು, ಏಕೆಂದರೆ ಪ್ರೋಟಾನ್ ಎಷ್ಟು ಆಳದಲ್ಲಿ ನಿಲ್ಲುತ್ತದೆ ಎಂಬ ಲೆಕ್ಕವನ್ನು ಲೋಹ ಏರುಪೇರು ಮಾಡುತ್ತದೆ. ಈ ಚಿಕಿತ್ಸೆ 2019ರಿಂದ ಚೆನ್ನೈನಲ್ಲಿ ಲಭ್ಯವಿದೆ. ಅಲ್ಲಿಗೆ ಹೋಗುವ ಯೋಚನೆ ಇದ್ದರೆ ಅದನ್ನು ಶಸ್ತ್ರವೈದ್ಯರಿಗೆ ಮುಂಚೆಯೇ ತಿಳಿಸಿ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಟೈಟಾನಿಯಂ ಇದ್ದರೆ ಎಂಆರ್‌ಐ ಮಾಡಿಸುವಂತಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ಟೈಟಾನಿಯಂ ಅಯಸ್ಕಾಂತಕ್ಕೆ ಸೆಳೆಯಲ್ಪಡುವ ಲೋಹವಲ್ಲ. ವ್ಯತ್ಯಾಸವಿರುವುದು ಚಿತ್ರದ ಸ್ಪಷ್ಟತೆಯಲ್ಲಿ. ಹಾಗೆಯೇ, ಕಾರ್ಬನ್ ಫೈಬರ್ ಹಾಕಿಸಿದರೆ ಆಯುಸ್ಸು ಹೆಚ್ಚುತ್ತದೆ ಎಂಬ ಮಾತು ಕೇಳಿಬಂದರೆ ಅದಕ್ಕೆ ಆಧಾರವೇನೆಂದು ಕೇಳಲು ಹಿಂಜರಿಯಬೇಡಿ.

ಮುಂದಿನದು ವಸ್ತುವಿನ ಬಲ. ಮೂಳೆಯ ಗಟ್ಟಿ ಹೊರಪದರದ ಸ್ಥಿತಿಸ್ಥಾಪಕ ಗುಣಾಂಕ (ಭಾರ ಬಿದ್ದಾಗ ವಸ್ತು ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬುದರ ಅಳತೆ) ಸುಮಾರು 12ರಿಂದ 20 ಗಿಗಾಪ್ಯಾಸ್ಕಲ್, ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110, ಎಳೆಗಳಿಲ್ಲದ ಪೀಕ್‌ನದು 3ರಿಂದ 4. ತೂಕದ ಶೇ. 30ರಷ್ಟು ಕತ್ತರಿಸಿದ ಕಾರ್ಬನ್ ಎಳೆ ಬೆರೆಸಿದರೆ ಪೀಕ್ ಮೂಳೆಯ ಹತ್ತಿರಕ್ಕೆ ಬರುತ್ತದೆ. ಸ್ಕ್ರೂ ಮತ್ತು ರಾಡ್‌ಗಳಿಗೆ ಇದು ಸಾಲದು. ಅವುಗಳಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಡಿಯದೆ ಸಾಗುವ ಉದ್ದದ ಎಳೆಗಳು ಬೇಕು. ಬಿದಿರನ್ನು ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಮುರಿಯುವುದು ಕಷ್ಟ. ಈ ರಾಡ್‌ನ ಬಲವೂ ಹಾಗೆಯೇ ಎಳೆಯ ದಿಕ್ಕನ್ನು ಅವಲಂಬಿಸಿದೆ. ಆದ್ದರಿಂದ "ಕಾರ್ಬನ್ ಫೈಬರ್" ಎಂಬ ಹೆಸರಷ್ಟನ್ನೇ ನಂಬದೆ, ಎಳೆ ಉದ್ದದ್ದೋ ಕತ್ತರಿಸಿದ್ದೋ ಎಂದು ವಿಚಾರಿಸಿ. ಪರೀಕ್ಷಾ ವರದಿಯನ್ನೂ ಕೇಳಬಹುದು: ಸ್ಕ್ರೂ-ರಾಡ್ ಜೋಡಣೆಗೆ ಎಎಸ್‌ಟಿಎಂ ಎಫ್1717 ಎಂಬ ಮಾನದಂಡವಿದ್ದು, ಅದರಲ್ಲಿ 50 ಲಕ್ಷ ಬಾರಿ ಭಾರ ಹೇರಿ ಇಳಿಸಿ ನೋಡಲಾಗುತ್ತದೆ.

ಇದೇ ಗುಣದಿಂದ ಶಸ್ತ್ರಕ್ರಿಯೆಯಲ್ಲಿ ಒಂದು ದೊಡ್ಡ ಮಿತಿಯೂ ಹುಟ್ಟುತ್ತದೆ. ಟೈಟಾನಿಯಂ ರಾಡನ್ನು ಆಪರೇಷನ್ ಟೇಬಲ್ ಬಳಿಯಲ್ಲಿಯೇ ಬೆನ್ನಿನ ಬಾಗಿಗೆ ತಕ್ಕಂತೆ ಬಗ್ಗಿಸಿಕೊಳ್ಳುತ್ತಾರೆ. ಎಳೆಗಳಿರುವ ರಾಡನ್ನು ಹಾಗೆ ಬಗ್ಗಿಸಲಾಗದು, ಬಗ್ಗಿಸಿದರೆ ಒಳಗಿನ ಎಳೆಗಳು ತುಂಡಾಗುತ್ತವೆ. ಕಾರ್ಖಾನೆಯಲ್ಲೇ ಬಾಗಿಸಿ ತಯಾರಾದ ರಾಡ್‌ಗಳಲ್ಲಿ ಹೊಂದುವುದನ್ನು ಆರಿಸಿಕೊಳ್ಳಬೇಕು. ಬೆನ್ನು ಬಹಳ ವಕ್ರವಾಗಿರುವವರಿಗೆ, ಹಲವು ಕಶೇರುಗಳನ್ನು ಜೋಡಿಸಬೇಕಾದವರಿಗೆ ಇದು ನಿಜವಾದ ತೊಡಕು. ಅಂಥ ಸಂದರ್ಭದಲ್ಲಿ ವೈದ್ಯರು ಟೈಟಾನಿಯಂ ಸೂಚಿಸಿದರೆ ಅದನ್ನು ಹಳೆಯ ಪದ್ಧತಿ ಎಂದು ತಳ್ಳಿಹಾಕಬಾರದು. ಅಗತ್ಯ ಗಾತ್ರಗಳೆಲ್ಲ ಆ ದಿನ ಆಸ್ಪತ್ರೆಯಲ್ಲಿ ಇರುತ್ತವೆಯೇ, ಹೊಂದದಿದ್ದರೆ ಪರ್ಯಾಯವೇನು ಎಂಬುದನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ.

ಇನ್ನೆರಡು ವಿವರಗಳು. ಪೀಕ್‌ನ ನುಣುಪು ಮೈಗೆ ಮೂಳೆ ಚೆನ್ನಾಗಿ ಅಂಟಿಕೊಳ್ಳುವುದಿಲ್ಲ, ಅದಕ್ಕಾಗಿ ಕೆಲವು ಸ್ಕ್ರೂಗಳಿಗೆ ತೆಳುವಾದ ಟೈಟಾನಿಯಂ ಲೇಪನವಿರುತ್ತದೆ. ಎಕ್ಸ್‌ರೇಯಲ್ಲಿ ಕಾರ್ಬನ್ ಸ್ಪಷ್ಟವಾಗಿ ಕಾಣದ ಕಾರಣ ಗುರುತಿಗೆಂದು ಟ್ಯಾಂಟಲಂ ಲೋಹದ ಸಣ್ಣ ಚುಕ್ಕೆಗಳನ್ನೂ ಸೇರಿಸುತ್ತಾರೆ. ಚಿತ್ರದಲ್ಲಿ ಅವು ಕಂಡರೆ ಗಾಬರಿಯಾಗಬೇಕಿಲ್ಲ.

ಸವೆತದಿಂದ ಬರುವ ಸಾಮಾನ್ಯ ಸೊಂಟನೋವಿಗೆ, ಮುಂದೆ ರೇಡಿಯೇಷನ್ ಇಲ್ಲದವರಿಗೆ, ಸ್ಕ್ರೂ ಮತ್ತು ರಾಡ್‌ಗಾಗಿ ಈ ಹೆಚ್ಚಿನ ಖರ್ಚು ಮಾಡಲು ನನಗೆ ಬಲವಾದ ಕಾರಣ ಕಾಣುವುದಿಲ್ಲ. ಟೈಟಾನಿಯಂಗೆ ಇರುವಷ್ಟು ದೀರ್ಘಕಾಲದ ಅನುಭವ ಈ ಸ್ಕ್ರೂ-ರಾಡ್‌ಗಳಿಗೆ ಇನ್ನೂ ಇಲ್ಲ.

ಡಿಸ್ಚಾರ್ಜ್ ಆಗುವಾಗ ಇಂಪ್ಲಾಂಟ್ ಪೊಟ್ಟಣದ ಸ್ಟಿಕರ್‌ಗಳನ್ನು ಅಂಟಿಸಿದ ಹಾಳೆಯ ಪ್ರತಿ ಪಡೆದು, ರೇಡಿಯೇಷನ್ ಯೋಜನೆಯ ಸಿಟಿಗೆ ಹೋಗುವ ದಿನ ಅದನ್ನು ಜೊತೆಗೆ ಒಯ್ಯಿರಿ. ಕೆಲವು ಜೋಡಣೆಗಳಲ್ಲಿ ಸ್ಕ್ರೂವಿನ ದೇಹ ಕಾರ್ಬನ್‌ನದಾಗಿದ್ದು ತಲೆಭಾಗ ಟೈಟಾನಿಯಂನದ್ದಾಗಿರುತ್ತದೆ. ಕಿರಣದ ಪ್ರಮಾಣ ಲೆಕ್ಕ ಹಾಕುವ ಭೌತವಿಜ್ಞಾನಿಗೆ ಯಾವ ಭಾಗ ಯಾವ ವಸ್ತುವಿನದು ಎಂಬುದು ತಿಳಿದಿರಬೇಕು.